ಸ್ಯಾಕ್ಸೊಫೋನಿಗೂ ಸನಾದಿಗೂ ಏನು ನಂಟು?



ಕಡೇಚೂರಿನಲ್ಲಿ ಒಮ್ಮೆ ಚಿತ್ರೀಕರಣ ಮುಗಿಸಿ ಕುಳಿತಿದ್ದಾಗ, ನನ್ನ ಬಳಿಯಿದ್ದ ಒಂದು ಧ್ವನಿಮುದ್ರಣವನ್ನು ಅಲ್ಲಿನ ಹುಡುಗರಿಗೆ ಕೇಳಿಸಿದೆ. ಒಬ್ಬ ಹುಡುಗ ತಕ್ಷಣ, "ಇದು ನಮ್ಮ ಮದುವಿ ಸನಾದಿ ಇದ್ದಂಗೇ ಅದಲ್ರಿ ಸರ" ಎಂದ. ಕಿವಿ ಚುರುಕಾಗಿತ್ತು. ಅದು ಸನಾದಿಯ ಬಳಗದ್ದೇ ಆದ ನಾಗಸ್ವರ. ನುಡಿಸಿದವರು ಅಮೆರಿಕದ ಜಾಜ್ ಕಲಾವಿದ ಚಾರ್ಲಿ ಮಾರಿಯಾನೊ ಎಂದಾಗ ಅವನು ನಂಬಲಿಲ್ಲ. "ಅವ್ರಿಗ್ಯಾಕ ಬೇಕಾಗಿತ್ರಿ ಇದು?" ಎಂದು ಕೇಳಿದ. ಅಷ್ಟರಲ್ಲಿ ನಮ್ಮ ವ್ಯಾನು ಹೊರಡುವ ಹೊತ್ತಾಗಿತ್ತು. ಅಂದು ಕೊಡಲಾಗದ ಉತ್ತರವೇ ಈ ಮಾತು.

ಮಾರಿಯಾನೊ ಹುಟ್ಟಿದ್ದು 1923ರಲ್ಲಿ, ಬಾಸ್ಟನ್ ನಗರದಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ. ಅವರ ವಾದ್ಯ ಸ್ಯಾಕ್ಸೊಫೋನ್. ಜಾಜ್ ಎಂದರೆ ಅಮೆರಿಕದ ಕಪ್ಪು ಜನರ ಬದುಕಿನಿಂದ ಮೂಡಿದ ಸಂಗೀತ; ಕೊಟ್ಟ ರಾಗದೆಳೆಯನ್ನು ಹಿಡಿದು ಕಲಾವಿದ ಅಲ್ಲೇ, ಆ ಕ್ಷಣದಲ್ಲೇ ಹೊಸದನ್ನು ಕಟ್ಟುತ್ತಾ ಹೋಗಬೇಕು. ನಮ್ಮ ಮನೋಧರ್ಮ ಸಂಗೀತವನ್ನು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಮಾರಿಯಾನೊ ಸ್ಟಾನ್ ಕೆಂಟನ್ನರ ದೊಡ್ಡ ವಾದ್ಯವೃಂದದಲ್ಲಿ ನುಡಿಸಿದರು, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು, 1963ರಲ್ಲಿ ಚಾರ್ಲ್ಸ್ ಮಿಂಗಸ್ಸರ ಒಂದು ಹೆಸರಾಂತ ಧ್ವನಿಮುದ್ರಿಕೆಯಲ್ಲೂ ಕಾಣಿಸಿಕೊಂಡರು. ಅಷ್ಟಕ್ಕೇ ನಿಂತಿದ್ದರೂ ಅವರಿಗೆ ಹೆಸರಿನ ಕೊರತೆ ಇರುತ್ತಿರಲಿಲ್ಲ.

1960ರ ದಶಕದ ಉತ್ತರಾರ್ಧದಲ್ಲಿ ರೇಡಿಯೊ ವಾದ್ಯಗೋಷ್ಠಿಗೆ ತರಬೇತಿ ಕೊಡಲು ಅವರು ಮಲೇಷ್ಯಾಕ್ಕೆ ಹೋದರು. ಕಲಿಸಲು ಹೋದವರು ಅಲ್ಲಿ ನಾಗಸ್ವರ ಕೇಳಿ ವಿದ್ಯಾರ್ಥಿಯಾದರು. ಮುಂದೆ 1970ರ ದಶಕದಲ್ಲಿ ದಕ್ಷಿಣ ಭಾರತಕ್ಕೇ ಬಂದು ಕಲಿಕೆ ಮುಂದುವರಿಸಿದರು. ಆಗ ವಯಸ್ಸು ಐವತ್ತರ ಆಸುಪಾಸು.

ವಿಜ್ಞಾನ ಓದಿದವನಾದ್ದರಿಂದ ನನಗೆ ಇಲ್ಲಿ ಕುತೂಹಲ ಹೆಚ್ಚು. ಸ್ಯಾಕ್ಸೊಫೋನ್ ಹಿತ್ತಾಳೆಯದು, ನಾಗಸ್ವರ ಮರದ್ದು. ಆದರೆ ಎರಡರ ಒಳಕೊಳವೆಯೂ ಶಂಕುವಿನಾಕಾರ, ಬಾಯಿಯ ಕಡೆ ಕಿರಿದು, ತುದಿಯ ಕಡೆ ಅಗಲ. ಎರಡರಲ್ಲೂ ನಾದ ಹುಟ್ಟುವುದು ನಾಲಗೆಯಂಥ ಪಟ್ಟಿಯ ಕಂಪನದಿಂದ; ಸ್ಯಾಕ್ಸೊಫೋನಿನಲ್ಲಿ ಒಂದು ಪಟ್ಟಿ, ನಾಗಸ್ವರದಲ್ಲಿ ಮತ್ತು ನಿಮ್ಮ ಸನಾದಿಯಲ್ಲಿ ಜೋಡಿ ಪಟ್ಟಿ. ದೊಡ್ಡ ವ್ಯತ್ಯಾಸ ಬೆರಳಿನ ಕೆಳಗಿದೆ. ಸ್ಯಾಕ್ಸೊಫೋನಿನ ರಂಧ್ರಗಳನ್ನು ಮುಚ್ಚುವುದು ಕೀಲಿಗಳು. ನಾಗಸ್ವರದ ಏಳು ರಂಧ್ರಗಳ ಮೇಲೆ ಬೆರಳು ನೇರವಾಗಿ ಕೂರುತ್ತದೆ. ಅರ್ಧ ಮುಚ್ಚಬಹುದು, ತುಟಿಯ ಒತ್ತಡ ಬದಲಿಸಬಹುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಆ ಜಾರುವ ದಾರಿಯೇ ಗಮಕ. ಮಾರಿಯಾನೊ ಅವರಿಗೆ ಬೇಕಾಗಿದ್ದುದು ಎರಡು ಸ್ವರಗಳ ನಡುವಿನ ಆ ಜಾಗ ಎಂದು ನನ್ನ ಊಹೆ.

ನಮ್ಮವರೇ ಆದ ಕದ್ರಿ ಗೋಪಾಲನಾಥರು ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವರು. ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಕೀಲಿಗಳ ಆ ವಾದ್ಯದಲ್ಲಿ ಗಮಕ ಹೊರಡಿಸಿದರು.

ಮಾರಿಯಾನೊ ಅವರಿಗೆ ಬೆಂಗಳೂರಿನ ನಂಟು ಬೆಳೆದದ್ದು ಟಿ.ಎ.ಎಸ್. ಮಣಿಯವರಿಂದ. ಮೃದಂಗ ವಿದ್ವಾಂಸರಾದ ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದ್ದರು. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ, ಸಂಯೋಜಕಿ. ಈ ತಂಡ ಜಾಜ್ ಕಲಾವಿದರ ಹಿಂದೆ ಕುಳಿತು ಬರಿಯ ಪಕ್ಕವಾದ್ಯ ನುಡಿಸಲಿಲ್ಲ. ಲೆಕ್ಕ ಇವರ ಕೈಯಲ್ಲಿತ್ತು.

ಆ ಲೆಕ್ಕ ಎಂಥದು, ನೀವೇ ನೋಡಿ. ಬಹುಪಾಲು ಜಾಜ್ ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಈಗ ಎಡಗೈಯಿಂದ ಡೆಸ್ಕಿನ ಮೇಲೆ ಒಂದರಿಂದ ಎಂಟರವರೆಗೆ ತಟ್ಟುತ್ತಾ ಹೋಗಿ. ಬಾಯಲ್ಲಿ ಪ್ರತಿ ತಟ್ಟಿಗೆ ಒಂದಕ್ಷರದಂತೆ ‘ತ-ಕ-ತ-ಕಿ-ಟ’ ಎನ್ನಿ. ಐದಕ್ಷರ ಎಂಟರೊಳಗೆ ಸರಿಯಾಗಿ ಕೂರುವುದಿಲ್ಲ, ಪ್ರತಿ ಸುತ್ತಿನಲ್ಲೂ ಬೇರೆ ಕಡೆ ಬೀಳುತ್ತದೆ. ಮತ್ತೆ ಎರಡೂ ಒಟ್ಟಿಗೆ ಶುರುವಾಗುವುದು ಯಾವಾಗ? ಎಂಟು ಮತ್ತು ಐದರ ಲ.ಸಾ.ಅ. ನಲವತ್ತು. ಐದು ಸುತ್ತು ತಾಳಕ್ಕೆ ಎಂಟು ಸಲ ‘ತಕತಕಿಟ’ ಮುಗಿದು, ನಲವತ್ತೊಂದನೆಯ ತಟ್ಟಿಗೆ ಸಮ ಸಿಗುತ್ತದೆ. ಲೆಕ್ಕ ಕಾಗದದ ಮೇಲೆ ಸುಲಭ. ನಾನು ಮೊದಲ ಸಲ ಮೂರನೆಯ ಸುತ್ತಿನಲ್ಲೇ ತಪ್ಪಿದೆ. ಮಾರಿಯಾನೊ ಇಂಥ ಲೆಕ್ಕಗಳ ನಡುವೆ ಎಣಿಕೆ ಕಳೆದುಕೊಳ್ಳದೆ, ಜೊತೆಗೆ ಹೊಸ ಸ್ವರಗಳನ್ನೂ ಹುಟ್ಟಿಸಬೇಕಾಗಿತ್ತು.

1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನಲ್ಲಿ ಇವರೆಲ್ಲ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ, ರಮಾಮಣಿಯವರ ಕಂಠ. ಸಿಕ್ಕರೆ ಕೇಳಿ. ಅಷ್ಟು ವರ್ಷ ನಾಗಸ್ವರ ಕಲಿತ ಮಾರಿಯಾನೊ ಅದರಲ್ಲಿ ನಾಗಸ್ವರವನ್ನು ಮುಟ್ಟಿಯೇ ಇಲ್ಲ. ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲನ್ನಷ್ಟೇ ನುಡಿಸಿದ್ದಾರೆ, ಅದೂ ಹಲವು ಕಡೆ ರಮಾಮಣಿಯವರ ದನಿಗೆ ದಾರಿ ಬಿಟ್ಟುಕೊಟ್ಟು. ಕಲಿತದ್ದನ್ನು ತೋರಿಸಿಕೊಳ್ಳುವ ಆತುರ ಅವರಿಗಿರಲಿಲ್ಲ ಎಂದು ನನಗನಿಸುತ್ತದೆ.

ಈ ಒಡನಾಟ ದಶಕಗಳ ಕಾಲ ನಡೆಯಿತು. 1990ರ ದಶಕದ ಕೊನೆಯಲ್ಲಿ ಬಂದ ಅವರ ಒಂದು ಧ್ವನಿಮುದ್ರಿಕೆಯ ಹೆಸರೇ ‘ಬ್ಯಾಂಗಲೋರ್’. ಮಾರಿಯಾನೊ 2009ರ ಜೂನ್ 16ರಂದು ಜರ್ಮನಿಯ ಕಲೋನ್ ನಗರದಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕಡೇಚೂರಿನ ಆ ಹುಡುಗ ಇದನ್ನು ಓದುತ್ತಿದ್ದರೆ, ಮುಂದಿನ ಮದುವೆಯಲ್ಲಿ ಸನಾದಿಯವರ ಪಕ್ಕ ನಿಂತು ಅವರ ಬೆರಳುಗಳನ್ನು ಗಮನಿಸಲಿ. ಹಲಗಿಯವರು ಎಷ್ಟರ ಎಣಿಕೆಯಲ್ಲಿ ಬಾರಿಸುತ್ತಾರೆ ಎಂಬುದನ್ನು ಎಣಿಸಿ ನನಗೊಂದು ಪತ್ರ ಬರೆಯಲಿ.