ಹಳೆಯ ಬ್ಯಾಟರಿ ಟ್ರ್ಯಾಕ್ಟರಿಗೆ ಕಾಲಿನ ಪೆಡಲು
(ಜನವಾಡದಲ್ಲಿ ರೈತರ ಮುಂದೆ ಆಡಿದ ಮಾತು)



ಡೀಸೆಲ್ ಖರ್ಚು ನೋಡಿ ತಲೆ ಬಿಸಿಯಾದವರು ನಮ್ಮಲ್ಲಿ ಬಹಳ ಮಂದಿ. ‘ಹಳೇ ಬ್ಯಾಟರಿ ಟ್ರ್ಯಾಕ್ಟರ್ ಸಿಕ್ಕರ ಕಾಲಿನ ಪೆಡಲು ಹಚ್ಚಿ ನಡೆಸಬಹುದೇನ್ರಿ?’ ಎಂದು ಕೇಳುತ್ತೀರಿ. ನಡೆಸಬಹುದು. ಆದರೆ ಸಾಲಕ್ಕೆ ಸಹಿ ಹಾಕುವ ಮುಂಚೆ ನನ್ನ ಮಾತು ಕೇಳ್ರಿ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1969ರ ಹೊತ್ತಿಗೆ ಎಲೆಕ್-ಟ್ರ್ಯಾಕ್ ಎಂಬ ತೋಟದ ಟ್ರ್ಯಾಕ್ಟರ್ ತಂದಿತು. 6 ವೋಲ್ಟಿನ 6 ಬ್ಯಾಟರಿ, ಒಟ್ಟು 36 ವೋಲ್ಟ್. ವೇಗಕ್ಕೆ ಕೈಹಿಡಿ. ಹೊರಡುವಾಗ ಕರೆಂಟು ರೆಸಿಸ್ಟರಿನಲ್ಲಿ ಹಾಯ್ದು ಒಂದಿಷ್ಟು ಕಾವಾಗಿ ಹಾಳಾಗುತ್ತದೆ. ಆಮೇಲೆ ಫೀಲ್ಡ್ ಸುರುಳಿಯ ಕರೆಂಟು ತಗ್ಗಿಸಿದರೆ ವೇಗ ಏರುತ್ತದೆ, ಎಳೆಯುವ ಬಲ ಇಳಿಯುತ್ತದೆ. ಎಲ್ಲವೂ ಮೆಟ್ಟಿಲು ಮೆಟ್ಟಿಲು. ತೊಗರಿ ಸಾಲಿನ ನಡುವೆ ಹಾಗೆ ಜಗ್ಗಿದರೆ ಗಿಡ ಉಳಿದೀತೇ?

ಪೆಡಲಿನ ಕೆಳಗೆ ರೇಡಿಯೋದ ಧ್ವನಿ ಗುಂಡಿಯಂಥದೇ ಒಂದು ಭಾಗ ಇರುತ್ತದೆ. ಗಾಲ್ಫ್ ಬಂಡಿಗಳಲ್ಲಿ ಸಾಮಾನ್ಯವಾಗಿ 5 ಕಿಲೋ-ಓಮಿನದು. ಅದು ಬರೀ ಸೂಚನೆ ಕೊಡುತ್ತದೆ. ಭಾರೀ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಕಡಿಯುವುದು ಕಂಟ್ರೋಲರ್. ಅದರಿಂದ ವೇಗ ನುಣ್ಣಗೆ ಏರುತ್ತದೆ, ಕಾವಾಗಿ ಹೋಗುವ ಕರೆಂಟೂ ಕಡಿಮೆ.

ಇಲ್ಲೇ ಮೋಸ ಹೋಗುತ್ತೇವೆ. ಬ್ಯಾಟರಿ ಆಟೋದ ಕಂಟ್ರೋಲರ್ ಅಗ್ಗವೆಂದು ತರಬೇಡಿ. ಅದು ಬಹುಪಾಲು ಬ್ರಷ್ ಇಲ್ಲದ ಮೋಟರಿಗೆ. ಹಳೆಯದರಲ್ಲಿ ಬ್ರಷ್ ಇದೆ, ಒಂದಕ್ಕೊಂದು ಕೂಡುವುದಿಲ್ಲ. ಫೀಲ್ಡಿನ ತಂತಿ ಹರಿದರೆ ಮೋಟರು ಹೊರೆ ಇಲ್ಲದಾಗ ಹುಚ್ಚು ವೇಗಕ್ಕೆ ಏರಬಹುದು. ಆದುದರಿಂದ ಫೀಲ್ಡಿಗೆ ಕರೆಂಟು ಇಲ್ಲದಾಗ ಮೇನ್ ಕಡಿಯುವ ಏರ್ಪಾಡು, ಫ್ಯೂಸು, ಕೈಗೆಟುಕುವ ಕಡಿತ ಸ್ವಿಚ್ಚು, ಕಾಲು ತೆಗೆದೊಡನೆ ಪೆಡಲು ಹಿಂದಿರುಗಿಸುವ ಸ್ಪ್ರಿಂಗು, ಇವಿಲ್ಲದೆ ಹೊಲಕ್ಕಿಳಿಸಬೇಡಿ. ಬ್ರೇಕು ಬೇರೆಯೇ ಇರಲಿ.

ಈಗ ಲೆಕ್ಕ. ಬ್ಯಾಟರಿಗಳು 200 ಆಂಪಿಯರ್-ಗಂಟೆಯವು ಎಂದುಕೊಳ್ಳಿ. 36 ವೋಲ್ಟಿಗೆ 7.2 ಯೂನಿಟ್ಟು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಹಾಗಾಗಿ ಸಿಗುವುದು 3.6. ನಿಮ್ಮ 5 ಎಚ್‌ಪಿ ಪಂಪು ಅದರಲ್ಲಿ ಒಂದು ತಾಸೂ ನಡೆಯಲಾರದು! ಎರೆ ಭೂಮಿ ನೇಗಿಲಿಗೆ ಇದಲ್ಲ. ಕಳೆ ತೆಗೆಯಲು, ಗೊಬ್ಬರ ಸಾಗಿಸಲು ಇರಬಹುದು.

ಅಷ್ಟಕ್ಕೆ 1 ಲಕ್ಷ ಸಾಲವೇ? ನೂರಕ್ಕೆ ತಿಂಗಳಿಗೆ 2ರ ಬಡ್ಡಿಯಾದರೆ ವರ್ಷಕ್ಕೆ 24,000 ರೂಪಾಯಿ, ಅಸಲು ಹಾಗೇ ನಿಂತಿರುತ್ತದೆ.

ನೋಡಲು ಹೋದಾಗ ಮೀಟರು ಒಯ್ಯಿರಿ. ತುಂಬಿದ 6 ವೋಲ್ಟ್ ಬ್ಯಾಟರಿ ಹೊರೆ ಇಲ್ಲದೆ 6.3ರ ಸುಮಾರು ತೋರಬೇಕು. ಆಮೇಲೆ ಬಂಡಿ ನಡೆಸುತ್ತ ಆರನ್ನೂ ಒಂದೊಂದಾಗಿ ಅಳೆಯಿರಿ. ಒಂದು ಮಾತ್ರ ಕುಸಿದರೆ ಅದರ ಬೆಲೆಯನ್ನು ಮಾರುವವನ ಬೆಲೆಯಿಂದ ಕಳೆಯಿರಿ. ಪೆಡಲಿನ ಮಾತು ಅದಾದ ಮೇಲೆ.