ಬಡ್ಡಿ ಬೇರೆ, ಅಸಲು ಬೇರೆ

ದೇಶದ ಆರ್ಥಿಕ ಬೆಳವಣಿಗೆ ಶೇಕಡಾ ಇಷ್ಟಾಯಿತು ಎಂದು ವಾರ್ತೆಯಲ್ಲಿ ಕೇಳುತ್ತೇವೆ. ಆ ಬೆಳವಣಿಗೆ ಬಹುಕಾಲ ನಿಲ್ಲುವಂಥದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ನಾನು ಎಸ್.ಎಸ್.ಎಲ್.ಸಿ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಅಲ್ಲಿ ಕಲಿತ ಪಾಠ ಒಂದೇ: ಬಡ್ಡಿಯಲ್ಲಿ ಬಾಳುವ ಮನೆ ಉಳಿಯುತ್ತದೆ, ಅಸಲನ್ನೇ ತಿನ್ನುವ ಮನೆ ನಾಲ್ಕು ದಿನ ಮೆರೆದು ಮುಳುಗುತ್ತದೆ. ನಮ್ಮ ಸೂಲೂರಿನ ಸುತ್ತಮುತ್ತಲೇ ಇದಕ್ಕೆ ಸಾಕ್ಷಿ ಇದೆ.

1932ರಲ್ಲಿ ನೀಲಗಿರಿಯ ಪೈಕಾರಾದಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಆ ಕರೆಂಟು ಕೊಯಮತ್ತೂರಿಗೆ ಬಂದ ಮೇಲೆ ನೂಲಿನ ಗಿರಣಿಗಳು ಒಂದರ ಹಿಂದೆ ಒಂದು ಎದ್ದವು. ಬಾವಿಗಳಿಗೆ ಪಂಪುಸೆಟ್ ಬಂತು. ಪಂಪು ತಯಾರಿಸುವ ಕಾರ್ಖಾನೆಗಳೂ ಬಂದವು. ಸರ್ಕಾರ ಒಮ್ಮೆ ಹೂಡಿದ ಬಂಡವಾಳ ತಲೆಮಾರುಗಳ ಕಾಲ ಬಡ್ಡಿ ಕೊಟ್ಟಿತು.

ಈಗ ತಿರುಪ್ಪೂರಿನ ಕಡೆ ನೋಡಿ. 1991ರ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಹೊರದೇಶದವರಿಗೆ ನಮ್ಮ ಸರಕು ಅಗ್ಗವಾಯಿತು. ಬನಿಯನ್ ಕಂಪನಿಗಳ ರಫ್ತು ಏರಿತು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಅದು ನಿಜವಾದ ಲಾಭವೇ. ಆದರೆ ಬಣ್ಣ ಹಾಕುವ ಘಟಕಗಳ ಉಪ್ಪುನೀರು ನೊಯ್ಯಲ್ ನದಿಗೆ ಹರಿಯಿತು. ನೀರಾವರಿಗೆಂದು ಕಟ್ಟಿ 1992ರಲ್ಲಿ ತೆರೆದ ಒರತ್ತುಪಾಳ್ಯಂ ಅಣೆಕಟ್ಟಿನಲ್ಲಿ ಕೊಳಕು ನೀರು ನಿಂತಿತು. ಆ ಕಡೆಯ ರೈತರ ಬಾವಿಗಳು ಕೆಟ್ಟವು. ಕಡೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ಹನಿ ಕೊಳಕೂ ಹೊರಗೆ ಬಿಡದಂಥ ಶುದ್ಧೀಕರಣದ ಯಂತ್ರಗಳಿಗೆ ದೊಡ್ಡ ಹಣ ಸುರಿಯಬೇಕಾಯಿತು. ವರ್ಷವರ್ಷ ಕಟ್ಟಬೇಕಾಗಿದ್ದ ಕಂತೆಲ್ಲ ಒಂದೇ ಸಲ ಬಾಗಿಲಿಗೆ ಬಂದು ನಿಂತಿತು.

ಸೂಲೂರು, ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮಿನ ಲೆಕ್ಕವೂ ಇಂಥದೇ. ಕನ್ನಡ ಮನೆಮಾತಿನ ನಮ್ಮ ದೇವಾಂಗರಿಗೆ ನೇಯ್ಗೆ ತಲೆಮಾರಿನ ಕಸುಬು. ನೂಲು ವ್ಯಾಪಾರಿಯದು, ಮಗ್ಗದವನಿಗೆ ನೇಯ್ದ ಕೂಲಿ ಮಾತ್ರ. ಕರೆಂಟು, ಬಿಡಿಭಾಗಗಳ ಬೆಲೆ ಏರಿ ಕೂಲಿ ಏರದಿದ್ದರೆ ಮಗ್ಗ ಓಡುತ್ತದೆ, ಬಟ್ಟೆಯೂ ಬರುತ್ತದೆ. ಹೊಸ ಮಗ್ಗಕ್ಕೆ ಎತ್ತಿಡಲು ಕಾಸು ಉಳಿಯುವುದಿಲ್ಲ. ಅದೂ ಅಸಲು ತಿಂದಂತೆಯೇ. 2022ರ ಜನವರಿಯಲ್ಲಿ ಎರಡೂ ಜಿಲ್ಲೆಗಳಲ್ಲಿ ಮಗ್ಗ ನಿಲ್ಲಿಸಿದ್ದು ಈ ಕೂಲಿಗಾಗಿಯೇ.

ವಾರ್ತೆಯಲ್ಲಿ ಹೇಳುವುದು ‘ಒಟ್ಟು’ ದೇಶೀಯ ಉತ್ಪನ್ನದ ಲೆಕ್ಕ. ಸವೆದ ಯಂತ್ರದ ಬೆಲೆಯನ್ನು ಅದರಲ್ಲಿ ಕಳೆಯುವುದಿಲ್ಲ. ಕಳೆದು ಹೇಳುವ ‘ನಿವ್ವಳ’ ಲೆಕ್ಕ ಬೇರೆ ಉಂಟು. ಕೆಟ್ಟ ನದಿಯ ಬೆಲೆ ಅದರಲ್ಲಿಯೂ ಕಳೆದಿರುವುದಿಲ್ಲ. ಆದ್ದರಿಂದ ಬೆಳೆಯುವ ದೇಶದ ಆರ್ಥಿಕ ನೀತಿ ಮೂರು ಕೆಲಸ ಮಾಡಬೇಕು: ಪೈಕಾರಾದಂಥ ಬಾಳಿಕೆಯ ಆಸ್ತಿ ಕಟ್ಟಬೇಕು, ಕೊಳೆ ತೊಳೆಯುವ ಖರ್ಚನ್ನು ಮೊದಲ ದಿನದಿಂದಲೇ ಸರಕಿನ ಬೆಲೆಯಲ್ಲಿ ಸೇರಿಸಬೇಕು, ದುಡಿಯುವವನ ಕೈಯಲ್ಲಿ ಉಳಿತಾಯಕ್ಕಷ್ಟು ಬಿಡಬೇಕು.

ನಿಮ್ಮ ಊರಿಗೆ ಕಾರ್ಖಾನೆ ಬರುತ್ತದೆಂದರೆ ಬೇಡ ಎನ್ನಬೇಡಿ. ಎಷ್ಟು ಜನಕ್ಕೆ ಕೆಲಸ ಎಂದು ಕೇಳಿ. ನೀರು ಎಲ್ಲಿಂದ, ಕೊಳೆ ಎಲ್ಲಿಗೆ ಎಂದೂ ಕೇಳಿ. ಗ್ರಾಮಸಭೆಯಲ್ಲಿ ತಮಿಳಿನಲ್ಲಿ ಕೇಳಿ. ಮನೆಗೆ ಬಂದು ಮಕ್ಕಳಿಗೆ ಕನ್ನಡದಲ್ಲಿ ತಿಳಿಸಿ ಹೇಳಿ. ಆ ಅಸಲಿಗೆ ವಾರಸುದಾರರು ಅವರೇ.