ಮೈಗೊಪ್ಪುವ ಕುಪ್ಪಸ

'ಕಂಚುಕ' ಎಂಬ ಸಂಸ್ಕೃತ ಶಬ್ದಕ್ಕೆ ನಿಘಂಟುಗಳಲ್ಲಿ ಹಲವು ಅರ್ಥಗಳುಂಟು. ಯೋಧನ ಕವಚಕ್ಕೂ ಅದೇ ಹೆಸರು, ಹೆಂಗಸರ ಕುಪ್ಪಸಕ್ಕೂ ಅದೇ ಹೆಸರು, ಹಾವು ಕಳಚುವ ಪೊರೆಗೂ ಅದೇ ಹೆಸರು. ಹಾಗಾದರೆ ಕುಪ್ಪಸವು ಕವಚಕ್ಕೆ ಹತ್ತಿರವಾಗಿರಬೇಕೋ, ಪೊರೆಗೆ ಹತ್ತಿರವಾಗಿರಬೇಕೋ ಎಂದು ಕೇಳಿದರೆ ನೀವು ನಕ್ಕೀರಿ. ಆದರೆ ಬೆಳಗಿನಿಂದ ಸಂಜೆಯವರೆಗೆ ಬಿಗಿಯಾದ ಒಳಉಡುಪಿನಲ್ಲಿ ದುಡಿದು, ಮನೆಗೆ ಬಂದೊಡನೆ ಅದನ್ನು ಬಿಚ್ಚಿ ಉಸ್ಸೆಂದು ಕುಳಿತುಕೊಳ್ಳುವ ಹೆಂಗಸಿಗೆ ಇದು ನಗುವ ಪ್ರಶ್ನೆಯಲ್ಲ.

ನಾಲ್ಕು ಜನ ಕೇಳುವಂತೆ ಇಂಥ ಮಾತನ್ನು ಆಡಬಹುದೇ ಎಂಬ ಸಂಕೋಚ ನಿಮಗಿರಬಹುದು. ಆ ಸಂಕೋಚಕ್ಕೆ ಬೆಲೆ ತೆರುತ್ತಿರುವವರು ನಮ್ಮ ಹುಡುಗಿಯರು. ಪ್ರೌಢಶಾಲೆಯಲ್ಲಿ ಪಾಠ ಹೇಳುವ ನನ್ನಂಥವರ ಕಣ್ಣಿಗೆ ಇದು ಪ್ರತಿವರ್ಷವೂ ಬೀಳುತ್ತದೆ. ಆರನೆಯ ತರಗತಿಯಲ್ಲಿ ಖೋಖೋ ಆಡುತ್ತ ಗಾಳಿಯಂತೆ ಓಡುತ್ತಿದ್ದ ಹುಡುಗಿ, ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಬೆನ್ನು ಬಗ್ಗಿಸಿ, ಪುಸ್ತಕಗಳನ್ನು ಎದೆಗವಚಿಕೊಂಡು ಮೈದಾನದ ಅಂಚಿನಲ್ಲಿ ನಿಲ್ಲುತ್ತಾಳೆ. ಇದು ನಮ್ಮೂರೊಂದರ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲಾ ಬಾಲಕಿಯರನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಬಾಲಕಿಯರು ಈ ಕಾರಣದಿಂದ ತಮ್ಮ ಆಟಪಾಠಕ್ಕೆ ತೊಡಕಾಗಿದೆ ಎಂದೇ ಹೇಳಿದರು.

ಮೊದಲು ದೇಹದ ರಚನೆಯನ್ನು ನೋಡೋಣ. ಸ್ತನದೊಳಗೆ ಅದನ್ನು ಎತ್ತಿಹಿಡಿಯುವ ಸ್ನಾಯುವಿಲ್ಲ. ಆಧಾರವೆಂದರೆ ಮೇಲಿನ ಚರ್ಮ, ಒಳಗಿನ ತೆಳುವಾದ ತಂತುಗಳು. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರ ತನ್ನ ಗ್ರಂಥದಲ್ಲಿ ಇವುಗಳನ್ನು ವಿವರಿಸಿದನಾಗಿ ಅವಕ್ಕೆ ಅವನದೇ ಹೆಸರು ಬಂದಿದೆ. ಓಡುವಾಗ ಸ್ತನವು ಮೇಲೆ ಕೆಳಗೆ ಮಾತ್ರವಲ್ಲ, ಎಡಕ್ಕೆ ಬಲಕ್ಕೆ, ಮುಂದಕ್ಕೆ ಹಿಂದಕ್ಕೆ, ಮೂರು ಬಗೆಯಲ್ಲಿ ಅಲುಗುತ್ತದೆ. ಆದಕಾರಣ ಆಧಾರ ಬೇಡವೆಂದು ಎಲ್ಲರಿಗೂ ಹೇಳುವುದು ಸರಿಯಲ್ಲ. ಆಧಾರ ಬೇಕು, ಹಿಂಸೆ ಬೇಡ. ನಾವು ಕೇಳಬೇಕಾದುದು ಇಷ್ಟೇ.

ಇಲ್ಲಿ ಒಂದು ಭಯವನ್ನೂ ನಿವಾರಿಸಬೇಕು. ಬ್ರಾ ತೊಟ್ಟರೆ ಕ್ಯಾನ್ಸರ್ ಬರುತ್ತದೆಂದು ಬಾಯಿಂದ ಬಾಯಿಗೆ ಹರಡಿದ ಮಾತೊಂದುಂಟು. ಅಮೆರಿಕದ ಸಿಯಾಟಲ್ ನಗರದ ಸಂಶೋಧಕರು ಇದನ್ನು ಪರೀಕ್ಷಿಸಿ, 2014ರಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲವೆಂದು ಪ್ರಕಟಿಸಿದರು. ನಮ್ಮ ತಕರಾರು ರೋಗದ್ದಲ್ಲ. ಹೆಗಲ ಮೇಲಿನ ಬರೆ, ಎದೆಯ ಕೆಳಗಿನ ಬೆವರುಸಾಲೆ, ಚುಚ್ಚುವ ತಂತಿ, ತುಂಬ ಉಸಿರೆಳೆಯಲಾಗದ ಬಿಗಿತ, ಇವುಗಳದ್ದು.

ಅಂಗಡಿಯಲ್ಲಿ ಸಿಗುವ ಈ ಉಡುಪು ಬಹಳ ಹಳೆಯದೇನೂ ಅಲ್ಲ. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರಗಳನ್ನೂ ರಿಬ್ಬನ್ನನ್ನೂ ಸೇರಿಸಿ ಹೊಲಿದ ಉಡುಪಿಗೆ 1914ರಲ್ಲಿ ಪೇಟೆಂಟ್ ದೊರೆಯಿತು. ಆಟಗಾರ್ತಿಯರ ಬ್ರಾ ಹುಟ್ಟಿದ್ದು 1977ರಲ್ಲಿ. ಅದೇ ದೇಶದ ವರ್ಮಾಂಟಿನಲ್ಲಿ ಮೂವರು ಹೆಂಗಸರು, ಗಂಡಸರು ಆಟಕ್ಕೆ ತೊಡುವ ಒಳಪಟ್ಟಿಗಳೆರಡನ್ನು ಕೂಡಿಸಿ ಹೊಲಿದು ಅದನ್ನು ಸಿದ್ಧಪಡಿಸಿದರು. ಇಬ್ಬರ ಕಥೆಯೂ ಒಂದೇ: ಇದ್ದದ್ದು ಹೊಂದಲಿಲ್ಲ, ಹೊಂದುವುದನ್ನು ತಾವೇ ಹೊಲಿದುಕೊಂಡರು.

ನಮ್ಮಲ್ಲಿ ಈ ವಿವೇಕ ಮೊದಲಿನಿಂದಲೂ ಇತ್ತು. ಅಮರಕೋಶದಲ್ಲಿ ಚೋಲ, ಕೂರ್ಪಾಸಕ ಎಂಬ ಹೆಸರುಗಳು ಜೊತೆಯಾಗಿ ಬರುತ್ತವೆ. ಕೂರ್ಪಾಸವೇ ಕನ್ನಡದಲ್ಲಿ ಕುಪ್ಪಸವಾಯಿತು, ಉತ್ತರ ಕರ್ನಾಟಕದ ಬಾಯಲ್ಲಿ ಕುಬುಸವಾಯಿತು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬುಸವೇ ಜೋಡಿ. ಹಳೆಯ ಕಾಲದ ಆ ಕುಬುಸಕ್ಕೆ ಮುಂದುಗಡೆ ಹುಕ್ಕಿಲ್ಲ, ಗುಂಡಿಯಿಲ್ಲ. ಎರಡು ತುದಿಗಳನ್ನು ಎಳೆದು ಎದೆಯ ಕೆಳಗೆ ಗಂಟು ಹಾಕುವುದು. ಉಂಡಾಗ ಸಡಿಲಿಸಬಹುದು, ಹೊಲದ ಕೆಲಸಕ್ಕೆ ಬಿಗಿಯಬಹುದು, ಕೂಸಿಗೆ ಹಾಲೂಡಿಸುವಾಗ ಬಿಚ್ಚಬಹುದು. ಇನ್ನೊಂದು ಮಾತು: ಆ ಸೀಮೆಯಲ್ಲಿ ಬಸುರಿಗೆ ಮಾಡುವ ಸೀಮಂತಕ್ಕೆ 'ಕುಬುಸ ಮಾಡುವುದು' ಎಂದೇ ಹೆಸರು. ಮೈ ಬದಲಾದಾಗ ಹೊಸ ಕುಬುಸ ತೊಡಿಸಬೇಕೆಂಬ ತಿಳಿವಳಿಕೆಯನ್ನು ನಮ್ಮ ಹಿರಿಯರು ಹಬ್ಬವಾಗಿ ಮಾಡಿಟ್ಟರು. ಬೆಳೆದಾಗ ಪೊರೆ ಬದಲಿಸಬೇಕೆಂಬುದು ಹಾವಿಗೂ ಗೊತ್ತು. ಹದಿಮೂರರ ಹುಡುಗಿಗೂ ಐವತ್ತು ದಾಟಿದ ಹೆಂಗಸಿಗೂ ಈ ನ್ಯಾಯ ಅನ್ವಯಿಸಬೇಡವೇ?

ಹಾಗೆಂದು ಎಲ್ಲರೂ ಖಣದ ಕುಬುಸ ತೊಡಿರೆಂದು ನಾನು ಹೇಳುತ್ತಿಲ್ಲ. ಅದರ ಸೂತ್ರವನ್ನು ಇಂದಿನ ಉಡುಪಿಗೆ ತರಬಹುದು. ಚೂಡಿದಾರದ ಟಾಪಿನ ಒಳಗೇ ಎದೆಯ ಮಟ್ಟಕ್ಕೆ ಒಂದು ಅರ್ಧಪದರವನ್ನು ಹೆಗಲಿಗೂ ಪಕ್ಕಗಳಿಗೂ ಸೇರಿಸಿ ಹೊಲಿಸಿದರೆ ಬೇರೆ ಬ್ರಾ ಬೇಕಾಗದು. ರವಿಕೆಗೂ ಇದೇ ಕ್ರಮ. ಇದಕ್ಕೆ ತಿಳಿದಿರಬೇಕಾದ ಸಂಗತಿಗಳು ಕೆಲವೇ.

ಭಾರವನ್ನು ಹೊರಬೇಕಾದುದು ಹೆಗಲಲ್ಲ, ಎದೆಯ ಕೆಳಗೆ ಸುತ್ತುವರಿಯುವ ಪಟ್ಟಿ. ಆ ಪಟ್ಟಿ ಎರಡು ಮೂರು ಬೆರಳಗಲವಿರಲಿ. ಬಟ್ಟೆ ಹಾಸಿನ ನೂಲಿನ ಉದ್ದಕ್ಕೆ ಕಡಿಮೆ ಹಿಗ್ಗುತ್ತದೆ, ಓರೆಯಾಗಿ ಎಳೆದರೆ ಬಹಳ ಹಿಗ್ಗುತ್ತದೆ. ಆದ್ದರಿಂದ ಪಟ್ಟಿಯನ್ನು ಹಾಸಿನ ಉದ್ದಕ್ಕೆ ಕತ್ತರಿಸಬೇಕು. ಎದೆಯ ಭಾಗವನ್ನು ಓರೆಗೆ ಕತ್ತರಿಸಿದರೆ ಅದು ಮೈಯ ದುಂಡಿಗೆ ತಾನೇ ಒಗ್ಗುತ್ತದೆ. ಹೆಗಲ ಪಟ್ಟಿ ಅಗಲವಾಗಿರಲಿ, ಬೆನ್ನಿನ ಭಾಗ ತುಂಬಿರಲಿ. ಬಗಲಿನಲ್ಲಿ ಒಂದು ಚೌಕದ ತುಂಡು ಕೂಡಿಸಿದರೆ ಕೈಯೆತ್ತಿದಾಗ ಇಡೀ ಉಡುಪು ಮೇಲೇರದು. ಬಟ್ಟೆ ತೆಳು ಹತ್ತಿಯದಾಗಿರಲಿ, ಹೊಲಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ. ಹೊಲಿಗೆಯ ಒರಟು ಅಂಚು ಮೈಗೆ ತಾಗದಂತೆ ಹೊರಮುಖವಾಗಿರಲಿ. ಹುಕ್ಕುಗಳನ್ನು ಮುಂದುಗಡೆ ಎರಡು ಮೂರು ಸಾಲಿನಲ್ಲಿ ಇರಿಸಿದರೆ ಬೇಕಾದಂತೆ ಬಿಗಿಸಬಹುದು, ಸಡಿಲಿಸಬಹುದು.

ತೊಟ್ಟ ಮೇಲೆ ಪರೀಕ್ಷೆ ಸುಲಭ. ತುಂಬ ಉಸಿರೆಳೆಯಿರಿ. ಎರಡು ಕೈಗಳನ್ನೂ ಎತ್ತಿರಿ. ಬಗ್ಗಿ ನೆಲ ಮುಟ್ಟಿರಿ. ನಿಂತಲ್ಲೇ ನಾಲ್ಕು ಸಲ ಕುಪ್ಪಳಿಸಿರಿ. ಪಟ್ಟಿ ಮೇಲೆ ಸರಿದರೆ ಸಡಿಲ. ಅದರಡಿ ಎರಡು ಬೆರಳು ತೂರದಿದ್ದರೆ ಬಿಗಿ. ಒಂದು ವಿಷಯ ನೆನಪಿಡಿ: ಮೈ ತುಂಬಿದವರು ಓಟದಂಥ ಆಟಕ್ಕೆ ಅದಕ್ಕೆಂದೇ ಮಾಡಿದ ಬ್ರಾವನ್ನೇ ತೊಡುವುದು ಮೇಲು. ಹತ್ತಿಯ ಪದರ ನಡಿಗೆಗೆ, ಕುಳಿತು ಮಾಡುವ ಕೆಲಸಕ್ಕೆ, ಮನೆವಾರ್ತೆಗೆ ಸಾಕು.

ನಮ್ಮ ಕುಂದಲಹಳ್ಳಿಯನ್ನೇ ನೋಡಿ. ಹಿಂದೆ ಹಳ್ಳಿಯಾಗಿದ್ದುದು ಈಗ ಕಂಪ್ಯೂಟರ್ ಕಚೇರಿಗಳ ನಡುವೆ ಸಿಕ್ಕಿಕೊಂಡಿದೆ. 2023ರಲ್ಲಿ ಮೆಟ್ರೋ ಬಂದ ಮೇಲೆ, ಹೆಗಲಿಗೆ ಚೀಲ ತಗುಲಿಸಿ, ಒಂದು ಕೈ ಎತ್ತಿ ಕಂಬಿ ಹಿಡಿದು ನಿಂತ ಹೆಣ್ಣುಮಕ್ಕಳಿಂದ ಬೆಳಗಿನ ಬಂಡಿ ತುಂಬಿರುತ್ತದೆ. ಅತ್ತ ಪೀಣ್ಯದಲ್ಲೂ ಬೊಮ್ಮನಹಳ್ಳಿಯಲ್ಲೂ ಗಾರ್ಮೆಂಟ್ಸಿನ ಹೆಂಗಸರು ಮಿಷನ್ನಿನ ಮುಂದೆ ಬಗ್ಗಿ ಕುಳಿತು ಹೊರದೇಶಗಳವರಿಗೆ ಅಳತೆಗೊಪ್ಪುವ ಬಟ್ಟೆ ಹೊಲಿಯುತ್ತಾರೆ. ಊರಿಗೆಲ್ಲ ಹೊಲಿಯುವ ಆ ಕೈಗಳು ತಮ್ಮ ಮೈಯ ಅಳತೆಯನ್ನು ಎಂದು ತೆಗೆದುಕೊಂಡವೋ! ಬಿಡುವಿನ ಭಾನುವಾರ ನಾಲ್ಕು ಮಂದಿ ಗೆಳತಿಯರು ಕೂಡಿ ಒಬ್ಬರಿಗೊಬ್ಬರು ಅಳತೆ ಹಿಡಿದು ಹೊಲಿದುಕೊಂಡರೆ, ಗಂಡಸು ದರ್ಜಿಯ ಮುಂದೆ ಎಲ್ಲಿ ಬಿಗಿ ಎಂದು ಹೇಳಲಾರದೆ ತಲೆತಗ್ಗಿಸಿ ಬರುವುದು ತಪ್ಪುತ್ತದೆ.

ಕೊನೆಯದಾಗಿ ತಾಯಂದಿರಿಗೆ ಎರಡು ಮಾತು. ಒಗೆದ ಒಳಉಡುಪನ್ನು ಸೀರೆಯ ಮರೆಯಲ್ಲಿ, ಕತ್ತಲೆಯ ಮೂಲೆಯಲ್ಲಿ ಹರವಬೇಡಿ. ಅರೆಬರೆ ಒಣಗಿದ ಬಟ್ಟೆಯಿಂದ ತುರಿಕೆ ಹತ್ತುತ್ತದೆ. ಅದಕ್ಕೂ ಬಿಸಿಲು ಕಾಣಿಸಿ. ಎರಡನೆಯದಾಗಿ, ಮಗಳು ಎತ್ತರವಾದಳೆಂದು ಲಂಗದ ಉದ್ದ ಹೆಚ್ಚಿಸುವಾಗ ಕುಪ್ಪಸದ ಅಳತೆಯನ್ನೂ ವಿಚಾರಿಸಿ. "ಎಲ್ಲಿ ಬಿಗಿಯಾಗುತ್ತದಮ್ಮ?" ಎಂದು ನೀವೇ ಮೊದಲು ಕೇಳಿ. ಅವಳಾಗಿ ಹೇಳುವಳೆಂದು ಕಾಯುತ್ತ ಕುಳಿತರೆ ಅಷ್ಟರಲ್ಲಿ ಬೆನ್ನು ಬಗ್ಗಿರುತ್ತದೆ, ಆಟವೂ ನಿಂತಿರುತ್ತದೆ.